ಕಳ್ಳಿ ಸಾಯೋದು ಚಳಿಗಲ್ಲ, ನೀರಿಗೆ

ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಬಾಲ್ಕನಿಗಳಲ್ಲಿ ಕಳ್ಳಿ ಬೆಳೆಸುವವರ ದೂರು ಒಂದೇ: ಬೇಸಿಗೆಯಲ್ಲಿ ಚೆನ್ನಾಗಿತ್ತು, ಮಳೆಗಾಲದಲ್ಲಿ ಕೊಳೆತುಹೋಯ್ತು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಚಳಿಯನ್ನು ಹೆಚ್ಚಿನ ಕಳ್ಳಿಗಳು ತಡೆದುಕೊಳ್ಳುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡ, ತೇವದ ಗಾಳಿಯಿಂದ ಕುಂಡದ ಮಣ್ಣು ಒಣಗದಿರುವುದೇ ನಿಜವಾದ ಸಮಸ್ಯೆ.

ಕೊಳ್ಳುವಾಗ: ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಜನವರಿ, ಆಗಸ್ಟ್‌ನಲ್ಲಿ ನಡೆಯುತ್ತದೆ. ಜನವರಿಯಲ್ಲಿ ಕೊಂಡ ಗಿಡಕ್ಕೆ ಮಳೆಗೆ ಮುಂಚೆ ಬೇರೂರಲು ಸಮಯ ಸಿಗುತ್ತೆ. ನರ್ಸರಿಯಲ್ಲಿ ಗಿಡದ ಬುಡ ಮುಟ್ಟಿ ನೋಡಿ, ಮೆತ್ತಗಿದ್ದರೆ ಬೇಡ. ಕೆಂಪು, ಹಳದಿ ಗುಂಡು ಕಳ್ಳಿಗಳು ಕಸಿ ಗಿಡಗಳು. ಕೆಳಗಿನ ಹಸಿರು ಕಾಂಡ ಕೊಳೆತರೆ ಮೇಲಿನ ಗುಂಡೂ ಉಳಿಯಲ್ಲ.

ಮಣ್ಣು: ನರ್ಸರಿಯ ತೆಂಗಿನ ನಾರಿನ ಪುಡಿ ನೀರು ಹಿಡಿದಿಡುತ್ತೆ. ಒಣ ಹವೆಯಲ್ಲಿ ಅದನ್ನು ಉದುರಿಸಿ, ತೂತಿರುವ ಮಣ್ಣಿನ ಕುಂಡಕ್ಕೆ ಬದಲಿಸಿ. ಕೆಮ್ಮಣ್ಣು ಒಂದು ಪಾಲು, ದಪ್ಪ ಮರಳು ಮತ್ತು ಇಟ್ಟಿಗೆ ಚೂರು ಎರಡು ಪಾಲು, ಒಂದು ಹಿಡಿ ಕಾಂಪೋಸ್ಟ್ ಸಾಕು.

ಮಳೆಗಾಲದಲ್ಲಿ: ಬೆಳಕು ಬರುವ, ಮಳೆ ಬೀಳದ, ಗಾಳಿಯಾಡುವ ಜಾಗದಲ್ಲಿಡಿ. ಕುಂಡದ ಕೆಳಗೆ ತಟ್ಟೆ ಇಡಬೇಡಿ. ಊದುಬತ್ತಿ ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ತೆಗೆಯಿರಿ. ಪೂರ್ತಿ ಒಣಗಿ ಬಂದರೆ ಮಾತ್ರ ನೀರು.

ಕೊಳೆತರೆ: ಶುಭ್ರವಾದ ಚಾಕುವಿನಿಂದ, ಕಂದು ಬಣ್ಣ ಕಾಣದಷ್ಟು ಮೇಲಕ್ಕೆ ಕತ್ತರಿಸಿ. ವಾರ, ಹತ್ತು ದಿನ ನೆರಳಲ್ಲಿ ಒಣಗಿಸಿ, ಒಣ ಮರಳಿನ ಮೇಲೆ ಕೂರಿಸಿ. ಬೇರು ಬರೋವರೆಗೂ ನೀರು ಹಾಕ್ಬೇಡಿ. ಬುಡ ಹೋದರೂ ಎಷ್ಟೋ ಸಲ ತುದಿ ಬದುಕುತ್ತೆ.