ಸನಾದಿ ಊದಿದವರು, ಕರಡಿ ಬಾರಿಸಿದವರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ತೇರು ಎಳೆಯಲಿ, ಪಲ್ಲಕ್ಕಿ ಹೊರಡಲಿ, ಮದುಮಗನ ಮೆರವಣಿಗೆ ಸಾಗಲಿ, ಮುಂದೆ ಕರಡಿ ಮಜಲು ಇದ್ದರೇ ಕಳೆ. ಡಿಜೆ ಬಂದ ಮೇಲೂ ಈ ಮಾತು ಪೂರ್ತಿ ಸುಳ್ಳಾಗಿಲ್ಲ. ಎರಡೂ ಬದಿಗೆ ಚರ್ಮ ಬಿಗಿದ ಕರಡಿಯನ್ನು ಕೊರಳಿಗೆ ಹಾಕಿಕೊಂಡು ಬಾರಿಸುವವರು ಮೇಳದ ಬೆನ್ನೆಲುಬು. ಅವರ ಜೊತೆಗೆ ಅಗಲವಾದ ತಾಳ ಹಿಡಿದವರು, ರಾಗಕ್ಕೊಂದು ಸನಾದಿ (ಶಹನಾಯಿ), ಶ್ರುತಿ ಹಿಡಿಯಲು ಇನ್ನೊಂದು. ಮೇಳ ಎಷ್ಟು ದೊಡ್ಡದಿದ್ದರೂ ಮನೆಗೆ ಹೋದ ಜನ ಮಾತಾಡುವುದು ಬಹುಮಟ್ಟಿಗೆ ಒಬ್ಬನನ್ನು ಕುರಿತು, ಸನಾದಿ ಊದಿದವನನ್ನು ಕುರಿತು. ಇದು ಯಾಕೆ ಹೀಗೆ ಎಂದು ಕೇಳಿಕೊಳ್ಳಬೇಕು.

ಒಂದು ಕಾರಣ ಕಿವಿಯಲ್ಲೇ ಇದೆ. ಚರ್ಮವಾದ್ಯದ ಪೆಟ್ಟು ಬೀಳುತ್ತದೆ, ಗುಡುಗುತ್ತದೆ, ಮರುಕ್ಷಣ ಇಳಿದುಹೋಗುತ್ತದೆ. ಅದರ ಬಲವೆಲ್ಲ ಹೆಚ್ಚಾಗಿ ತಗ್ಗಿನ ಸ್ವರಗಳಲ್ಲಿ. ಸನಾದಿಯದು ನಿಂತು ಹರಿಯುವ ನಾದ. ಜೋಡಿ ಎಸಳಿನ ಪೀಪಿಯಿಂದ ಹೊರಟು, ತುದಿಯತ್ತ ಅಗಲವಾಗುವ ಕೊಳವೆಯಲ್ಲಿ ಬೆಳೆಯುವ ಆ ದನಿಯಲ್ಲಿ ಮೇಲಿನ ಕಂಪನಗಳು ತುಂಬಿರುತ್ತವೆ. ಸೆಕೆಂಡಿಗೆ ಸುಮಾರು 2000ದಿಂದ 5000 ಕಂಪನಗಳ ನಡುವಿನ ಸದ್ದಿಗೆ ಮನುಷ್ಯನ ಕಿವಿ ಬಲು ಚುರುಕು. ಹಾಗಾಗಿ ಹತ್ತು ಕರಡಿ ಒಟ್ಟಿಗೆ ಮೊಳಗಿದರೂ ಒಂದು ಸನಾದಿ ಅವುಗಳಡಿ ಮುಚ್ಚಿಹೋಗುವುದಿಲ್ಲ. ಬಯಲಲ್ಲಿ, ಜನಜಂಗುಳಿಯ ನಡುವೆ, ಮೈಕಿಲ್ಲದ ಕಾಲದಲ್ಲಿ ಈ ಜೋಡಣೆ ಕಂಡುಕೊಂಡವರ ಜಾಣತನಕ್ಕೆ ತಲೆಬಾಗಲೇಬೇಕು.

ಇನ್ನೊಂದು ಕಾರಣ ಉಸಿರು. ಸನಾದಿಯವನನ್ನು ಹತ್ತಿರದಿಂದ ನೋಡಿ. ಊದುವ ಮೊದಲು ಪೀಪಿಯನ್ನು ಬಾಯಲ್ಲಿಟ್ಟು ಎಂಜಲಿನಿಂದ ನೆನೆಸುತ್ತಾನೆ. ಒಣಗಿದ ಪೀಪಿ ಬಾಯಿ ಬಿಡುವುದಿಲ್ಲ, ಹೆಚ್ಚು ನೆನೆದದ್ದು ಸ್ವರ ಹಿಡಿಯುವುದಿಲ್ಲ. ಒಂದು ಸೀಳಿದರೆ ಕೈಗೆ ಸಿಗಲೆಂದು ಬೇರೆ ಪೀಪಿಗಳನ್ನು ದಾರಕ್ಕೆ ಕಟ್ಟಿ ವಾದ್ಯಕ್ಕೇ ನೇತುಹಾಕಿರುತ್ತಾನೆ. ಊದತೊಡಗಿದ ಮೇಲೆ ಕೆನ್ನೆ ಉಬ್ಬುತ್ತದೆ. ಕೆನ್ನೆಯಲ್ಲಿ ಕೂಡಿಟ್ಟ ಗಾಳಿಯನ್ನು ಪೀಪಿಗೆ ದೂಡುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುತ್ತಾನೆ, ನಾದ ಕಡಿಯುವುದೇ ಇಲ್ಲ. ಬೆರಳು ರಂಧ್ರವನ್ನು ಪೂರ್ತಿ ತೆರೆಯದೆ ಅರೆತೆರೆದಾಗ ಸ್ವರ ಜಾರುತ್ತದೆ; ಹಾಡುಗಾರನ ಮೀಂಡು ಬರುವುದು ಅಲ್ಲಿಂದ. ಇದನ್ನೆಲ್ಲ ಕುಳಿತು ಮಾಡುವುದೇ ಕಷ್ಟ. ಇವನು ನಡೆಯುತ್ತ, ಬಿಸಿಲಲ್ಲಿ, ಭಂಡಾರ ಗುಲಾಲಿನ ಧೂಳು ಕುಡಿಯುತ್ತ ಮಾಡುತ್ತಾನೆ. ಗುಂಪಿನಿಂದ ‘ಹೌದ್ ಹುಲಿಯಾ!’ ಎಂಬ ಕೂಗು ಏಳುವುದು ಸುಮ್ಮನಲ್ಲ.

ಈ ಸೀಮೆಯ ಸನಾದಿಯವರಲ್ಲಿ ಹೆಸರು ನಾಡಿಗೆಲ್ಲ ಮುಟ್ಟಿದ್ದು ಬೀಳಗಿಯ ಅಪ್ಪಣ್ಣನವರದು. ವಾದ್ಯವೇ ಅವರ ಹೆಸರಿನ ಮೊದಲರ್ಧವಾಯಿತು. ಅವರ ಬದುಕು ಕಥೆಯಾದದ್ದರ ಹಿಂದೆಯೂ ಬೀಳಗಿಯ ನಂಟಿದೆ: ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ಹುಟ್ಟಿದ್ದು 1911ರಲ್ಲಿ, ಅದೇ ಬೀಳಗಿಯಲ್ಲಿ. ಪುರಾಣಿಕರು ಬರೆದದ್ದನ್ನು ಆಧರಿಸಿ 1977ರಲ್ಲಿ ವಿಜಯ್ ನಿರ್ದೇಶನದಲ್ಲಿ ‘ಸನಾದಿ ಅಪ್ಪಣ್ಣ’ ಚಿತ್ರ ಬಂತು. ಅಪ್ಪಣ್ಣನಾಗಿ ರಾಜ್‌ಕುಮಾರ್, ಜೊತೆಗೆ ಜಯಪ್ರದಾ. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ತೆರೆಯ ಮೇಲೆ ರಾಜ್‌ಕುಮಾರ್ ಊದುವಾಗ ಕೇಳುವ ಶಹನಾಯಿ ಉಸ್ತಾದ್ ಬಿಸ್ಮಿಲ್ಲಾ ಖಾನರದು. ‘ಕರೆದರೂ ಕೇಳದೆ’ ಹಾಡಿನಲ್ಲಿ ಎಸ್. ಜಾನಕಿಯವರ ಕಂಠಕ್ಕೆ ಆ ಶಹನಾಯಿ ಉತ್ತರ ಕೊಡುತ್ತ ಹೋಗುವುದನ್ನು ಕೇಳದ ಕನ್ನಡಿಗರು ಕಡಿಮೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಸರು ಬೀಳಗಿಯದು, ಮುಖ ರಾಜ್‌ಕುಮಾರರ ಗಾಜನೂರಿನದು, ಉಸಿರು ಬನಾರಸಿನದು. ಬಿಸ್ಮಿಲ್ಲಾ ಖಾನರು 1937ರ ಕೋಲ್ಕತ್ತದ ಸಂಗೀತ ಸಮ್ಮೇಳನದಿಂದ ಮುಂದಕ್ಕೆ ಮಂಗಳವಾದ್ಯವನ್ನು ಕಛೇರಿಯ ವೇದಿಕೆಗೆ ತಂದವರು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಕೆಂಪುಕೋಟೆಯಲ್ಲಿ ನುಡಿಸಿದವರು, 2001ರಲ್ಲಿ ಭಾರತರತ್ನ ಪಡೆದವರು. ಅವರಿಗಿಂತ ದೊಡ್ಡ ಗೌರವವನ್ನು ಅಪ್ಪಣ್ಣನವರಿಗೆ ಯಾರೂ ಸಲ್ಲಿಸಲಾರರು. ಆದರೂ ನಾವು ನೆನೆಯುವ ನಾದ ವೇದಿಕೆಯದು, ಕೂತು ನುಡಿಸಿದ್ದು. ಬೀಳಗಿ ಸೀಮೆಯ ಸನಾದಿ ಬೆಳೆದದ್ದು ಬೀದಿಯಲ್ಲಿ, ಕರಡಿಯ ಪೆಟ್ಟಿಗೆ ಹೆಜ್ಜೆ ಹಾಕುತ್ತ. ಕರಡಿಯನ್ನು ಬಿಟ್ಟು ಈ ನಾಡಿನ ಸನಾದಿಯನ್ನು ಹೇಳಿದರೆ ಅರ್ಧವನ್ನಷ್ಟೇ ಹೇಳಿದಂತೆ.

ಡೋಲು ಮತ್ತು ಊದುವ ವಾದ್ಯದ ಇಂಥ ಕೂಟ ಅಮೆರಿಕದಲ್ಲೂ ಇದೆ. ಅಲ್ಲಿ ಅದಕ್ಕೆ ಡ್ರಮ್ ಕೋರ್ ಎನ್ನುತ್ತಾರೆ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರ ಸಂಘಗಳ ಆಸರೆಯಲ್ಲಿ ಬೆಳೆದ ಪದ್ಧತಿ ಅದು. ಯುವತಂಡಗಳ ದೊಡ್ಡ ಚಾಂಪಿಯನ್‌ಷಿಪ್ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಶುರುವಾಯಿತು. ನೂರಕ್ಕೂ ಹೆಚ್ಚು ಮಂದಿ ಮೈದಾನದಲ್ಲಿ ಸಾಲು ಬದಲಿಸುತ್ತ ನುಡಿಸುವಾಗ ಒಬ್ಬರು ಮುಂದೆ ಬಂದು ಒಂಟಿಯಾಗಿ ಊದುತ್ತಾರೆ. 1970ರ ದಶಕದಲ್ಲಿ ಬ್ಲೂ ಡೆವಿಲ್ಸ್ ತಂಡದಲ್ಲಿ ಮೆಲೋಫೋನ್ ಎಂಬ ಹಿತ್ತಾಳೆ ವಾದ್ಯ ನುಡಿಸಿದ ಬಾನಿ ಓಟ್ ಅವರನ್ನು ಅಲ್ಲಿನ ರಸಿಕರು ಇಂದಿಗೂ ನೆನೆಯುತ್ತಾರೆ. ಒಂದು ವ್ಯತ್ಯಾಸ ಮುಖ್ಯ. ಅಲ್ಲಿ ಒಂಟಿವಾದನವೂ ಬಹುಮಟ್ಟಿಗೆ ಮೊದಲೇ ಬರೆದಿಟ್ಟದ್ದು, ತಿಂಗಳುಗಟ್ಟಲೆ ತಾಲೀಮು ಮಾಡಿದ್ದು. ನಮ್ಮಲ್ಲಿ ಅದು ಬೀದಿಯಲ್ಲೇ ಹುಟ್ಟುತ್ತದೆ.

ಅದು ಹುಟ್ಟುವ ಗಳಿಗೆಯಲ್ಲಿ ಕರಡಿಯವನ ಕೈ ದೊಡ್ಡದು. ಮೆರವಣಿಗೆ ಕೂಡುರಸ್ತೆಯಲ್ಲಿ ನಿಲ್ಲುತ್ತದೆ, ಜನ ಸುತ್ತುಗಟ್ಟುತ್ತಾರೆ. ಸನಾದಿ ನಿಧಾನಕ್ಕೆ ಏರುತ್ತದೆ, ಕರಡಿ ಪೆಟ್ಟು ತಗ್ಗಿಸಿ ದಾರಿ ಬಿಡುತ್ತದೆ. ಮೇಲಿನ ಸ್ವರ ಮುಟ್ಟಿದ್ದೇ ತಡ, ಕರಡಿ ಲಯವನ್ನು ಇಮ್ಮಡಿ ಮಾಡುತ್ತದೆ. ಆಮೇಲೆ ಸರದಿ ಅದಲುಬದಲು: ಸನಾದಿ ಒಂದೇ ಸ್ವರದಲ್ಲಿ ನಿಂತು ಕಾಯುತ್ತದೆ, ಕರಡಿ ತನ್ನ ಗತ್ತನ್ನೆಲ್ಲ ಬಿಚ್ಚಿ ತೋರಿಸುತ್ತದೆ. ಇದಷ್ಟೂ ಹೊತ್ತು ಶ್ರುತಿಯವನು ಒಂದೇ ಸ್ವರ ಊದುತ್ತಿರುತ್ತಾನೆ. ಉಸಿರಿನ ದುಡಿಮೆ ಅವನದೂ ಕಡಿಮೆಯಲ್ಲ, ಚಪ್ಪಾಳೆ ಮಾತ್ರ ಅವನಿಗೆ ಬರುವುದಿಲ್ಲ. ನನಗೆ ಬಹಳ ಗೌರವ ಹುಟ್ಟಿಸುವವನು ಅವನೇ.

ಈ ಕಲೆ ಉಳಿದದ್ದು ಮನೆತನಗಳಲ್ಲಿ. ಸನಾದಿಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರಲ್ಲಿ ಭಜಂತ್ರಿ ಎಂದು ಕರೆಸಿಕೊಳ್ಳುವ ಕೊರಮರು ಮುಖ್ಯರು. ಪ್ರತಿ ಮಂಗಳಕಾರ್ಯಕ್ಕೂ ಅವರ ಉಸಿರು ಬೇಕಾಗಿತ್ತು, ಪಂಕ್ತಿಯಲ್ಲಿ ಮಾತ್ರ ಅವರಿಗೆ ಜಾಗವಿರಲಿಲ್ಲ. ಗೊಂದಲಿಗರ ಸಂಬಾಳವೂ ಹೀಗೆಯೇ ಅಪ್ಪನಿಂದ ಮಗನಿಗೆ ಬಂದ ವಿದ್ಯೆ. ಜೋಡಿ ಚರ್ಮವಾದ್ಯ, ಒಂದಕ್ಕೆ ನೇರ ಕೋಲು, ಇನ್ನೊಂದಕ್ಕೆ ಬಾಗಿದ ಕೋಲು. ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಜಿಲ್ಲೆಗೆಲ್ಲ ಹಬ್ಬದಂಥ ಸುದ್ದಿ ಅದು. ಹಾಡಿನ ಪಕ್ಕದಲ್ಲಿ ಸಂಬಾಳ ಬಾರಿಸುವವರತ್ತ ಅಂಥ ಬೆಳಕು ಬಿದ್ದದ್ದು ಅಪರೂಪ.

ಜಾತ್ರೆಯ ಆಮಂತ್ರಣ ಪತ್ರಿಕೆ ಓದಿದರೂ ಬಾರಿಸುವವರ, ಊದುವವರ ಬಗೆಗಿನ ಈ ಮರೆವು ಕಾಣುತ್ತದೆ. ಸಾನ್ನಿಧ್ಯ ವಹಿಸುವವರು, ಪ್ರವಚನ ಹೇಳುವವರು, ದಾಸೋಹದ ದಾನಿಗಳು, ಎಲ್ಲರ ಹೆಸರೂ ಊರು ಸಮೇತ ಅಚ್ಚಾಗಿರುತ್ತದೆ. ಮೇಳದವರ ಪಾಲಿಗೆ ‘ಸಕಲ ವಾದ್ಯಮೇಳಗಳೊಂದಿಗೆ’ ಎಂಬಷ್ಟೇ ಮಾತು. ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆಯಿರಲಿ, ಹಳ್ಳಿಯ ಸಣ್ಣ ತೇರಿರಲಿ, ಅಂದು ಊದಿದವರು ಯಾರು, ಕರಡಿ ಯಾರದು, ಶ್ರುತಿ ಯಾರದು, ಯಾವ ಊರಿನವರು ಎಂದು ಅದೇ ಪತ್ರಿಕೆಯಲ್ಲಿ ಹಾಕಬಹುದು. ಒಂದು ಮೇಳದ ಎಂಟು-ಹತ್ತು ಮಂದಿಗೆ ಎರಡು ಸಾಲು ಸಾಕಾಗುತ್ತದೆ.