ಊರಿನದೇ ಸರ್ಕಾರ

ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ರೈಲು ನಂಜನಗೂಡಿನ ಬಳಿ ಕಪಿಲಾ ನದಿಯನ್ನು ದಾಟಿ ಚಾಮರಾಜನಗರದ ಕಡೆಗೆ ಸಾಗುವಾಗ, ದಾರಿಯಲ್ಲಿ ಕವಲಂದೆ ಎಂಬ ನಿಲ್ದಾಣವು ದೊರೆಯುತ್ತದೆ. ನಂಜನಗೂಡು ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಇದೂ ಒಂದು. ದೊಡ್ಡ ಕವಲಂದೆ, ಚಿಕ್ಕ ಕವಲಂದೆ ಎಂದು ಇಲ್ಲಿ ಎರಡು ಊರುಗಳುಂಟು. ಪಟ್ಟಣವೆನ್ನಲು ಚಿಕ್ಕದು, ಹಳ್ಳಿಯೆನ್ನಲು ದೊಡ್ಡದು ಎನ್ನಬಹುದಾದ ಇಂತಹ ಊರುಗಳು ನಮ್ಮ ನಾಡಿನಲ್ಲಿ ನೂರಾರು ಇವೆ. ಸುತ್ತಲಿನ ಹಳ್ಳಿಗಳ ಜನರು ಪಹಣಿ ಪಡೆಯಲು, ದೂರು ಕೊಡಲು, ರೈಲು ಹತ್ತಲು ಇಲ್ಲಿಗೆ ಬರುತ್ತಾರೆ.

ಇಂತಹ ಊರಿನಲ್ಲಿ ಒಂದು ಸುತ್ತು ನಡೆದು ಬಂದರೆ ಮೂರು ಸರ್ಕಾರಗಳನ್ನು ಕಾಣಬಹುದು. ರೈಲು ನಿಲ್ದಾಣವೂ ಅಂಚೆ ಕಚೇರಿಯೂ ಕೇಂದ್ರ ಸರ್ಕಾರಕ್ಕೆ ಸೇರಿದವು. ಅವುಗಳ ಬಗ್ಗೆ ತೀರ್ಮಾನಗಳಾಗುವುದು ದೂರದ ದೆಹಲಿಯಲ್ಲಿ. ಪೊಲೀಸ್ ಠಾಣೆ, ನಾಡಕಚೇರಿ ಇವು ರಾಜ್ಯ ಸರ್ಕಾರದವು. ಅವು ಬೆಂಗಳೂರಿನ ಆಜ್ಞೆಯಂತೆ ನಡೆಯುತ್ತವೆ. ಇವೆರಡರ ನಡುವೆ, ಸಾಮಾನ್ಯವಾಗಿ ಅತಿ ಸಾಧಾರಣವಾದ ಕಟ್ಟಡದಲ್ಲಿ, ಮೂರನೆಯ ಸರ್ಕಾರವೊಂದಿದೆ. ಅದೇ ಗ್ರಾಮ ಪಂಚಾಯಿತಿ. ಮೊದಲ ಎರಡು ಸರ್ಕಾರಗಳು ಊರಿಗೆ ಹೊರಗಿನಿಂದ ಬಂದವು. ಮೂರನೆಯದು ಊರಿನೊಳಗೇ ಹುಟ್ಟಿದ್ದು. ಅದನ್ನು ಆರಿಸುವವರೂ ಊರಿನವರೇ, ಅದರಲ್ಲಿ ಕುಳಿತುಕೊಳ್ಳುವವರೂ ಊರಿನವರೇ.

ಇದರ ಕೆಲಸವನ್ನು ತಿಳಿಯಲು ಒಂದು ಚಿಕ್ಕ ಸಂಗತಿಯನ್ನು ತೆಗೆದುಕೊಳ್ಳೋಣ. ಊರಿನ ಒಂದು ಬೀದಿಯ ನಲ್ಲಿಯಲ್ಲಿ ಮೂರು ದಿನದಿಂದ ನೀರು ಬಂದಿಲ್ಲವೆಂದು ಭಾವಿಸಿರಿ. ಆ ಬೀದಿಯ ಹೆಂಗಸರು ಕೊಡ ಹಿಡಿದು ದೂರದ ತೊಂಬೆಗೆ ನಡೆಯುತ್ತಿದ್ದಾರೆ. ಶಾಲೆಗೆ ಹೋಗಬೇಕಾದ ಹುಡುಗಿಯೊಬ್ಬಳು ಸರದಿಯಲ್ಲಿ ನಿಂತಿದ್ದಾಳೆ. ಕವಲಂದೆ ನದಿಯ ದಡದ ಊರಲ್ಲ. ಕಪಿಲೆಯ ನೀರು ನಂಜನಗೂಡಿನ ಸ್ನಾನಘಟ್ಟವನ್ನು ತೊಳೆದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಲು ಹೊರಟುಹೋಗುತ್ತದೆ. ನದಿಯಿಂದ ದೂರವಿರುವ ಇಂತಹ ಊರುಗಳಲ್ಲಿ ಒಂದು ಮೋಟಾರು ಸುಟ್ಟರೆ ಒಂದು ಬೀದಿಯ ದಿನಚರಿಯೇ ಬದಲಾಗುತ್ತದೆ. ಹಾಗಾದರೆ ಈ ನಲ್ಲಿಗೆ ಹೊಣೆ ಯಾರು? ಯಾರನ್ನು, ಎಲ್ಲಿ ನಿಲ್ಲಿಸಿ ಕೇಳಬೇಕು?

ಹಿಂದಿನ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿದ್ದಿತು. ಊರಿಗೆ ಪಟೇಲನಿದ್ದನು, ಲೆಕ್ಕ ಬರೆಯುವ ಶಾನುಭೋಗನಿದ್ದನು, ತಳವಾರ, ತೋಟಿಗಳಿದ್ದರು. ಕೆರೆಯ ತೂಬನ್ನು ತೆಗೆದು ಗದ್ದೆಗಳಿಗೆ ನೀರು ಹಂಚುವುದಕ್ಕೆ ನೀರುಗಂಟಿಯಿದ್ದನು. ಸುಗ್ಗಿಯ ಕಾಲದಲ್ಲಿ ಕಣದಿಂದ ಇವರಿಗೆ ಆಯವಾಗಿ ಧಾನ್ಯ ಸಲ್ಲುತ್ತಿದ್ದಿತು. ಪಂಚಾಯಿತಿ ಎಂಬ ಮಾತೂ ಹೊಸದಲ್ಲ. ಜಗಲಿಯ ಮೇಲೆ ಹಿರಿಯರು ಕುಳಿತು ವ್ಯಾಜ್ಯ ತೀರಿಸುತ್ತಿದ್ದರು. ಈ ಹಳೆಯ ವ್ಯವಸ್ಥೆಯನ್ನು ಹಾಡಿ ಹೊಗಳುವವರು ಈಗಲೂ ಉಂಟು. ಆದರೆ ಆ ಜಗಲಿಯ ಮೇಲೆ ಯಾರು ಕುಳಿತಿದ್ದರು, ಯಾರು ಕೆಳಗೆ ದೂರದಲ್ಲಿ ಕೈಕಟ್ಟಿ ನಿಂತಿದ್ದರು ಎಂಬುದನ್ನೂ ಮರೆಯಲಾಗದು. ಹೆಂಗಸರಿಗೆ ಅಲ್ಲಿ ಸ್ಥಳವೇ ಇರಲಿಲ್ಲ. ಕೆಲವು ಜಾತಿಯವರಿಗೆ ಊರ ಬಾವಿಯ ನೀರನ್ನು ಮುಟ್ಟುವ ಅಧಿಕಾರವೇ ಇರಲಿಲ್ಲವೆಂದ ಮೇಲೆ, ಬಾವಿಯ ವಿಚಾರದಲ್ಲಿ ಮಾತನಾಡುವ ಅಧಿಕಾರ ಎಲ್ಲಿಂದ ಬರಬೇಕು? ವಂಶಪಾರಂಪರ್ಯವಾಗಿ ನಡೆದುಬಂದ ಈ ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಶಾಸನವು 1961ರಲ್ಲಿ ಆಯಿತು. ಪಟೇಲ ಶಾನುಭೋಗರ ಹುದ್ದೆಗಳು ಹೋದವು. ಆದರೆ ನೀರುಗಂಟಿ ಎಂಬ ಹೆಸರು ಮಾತ್ರ ಉಳಿದುಕೊಂಡಿತು. ಇಂದು ಪಂಚಾಯಿತಿಯಲ್ಲಿ ಮೋಟಾರಿನ ಗುಂಡಿ ಒತ್ತಿ, ಬೀದಿಬೀದಿಗೆ ವಾಲ್ವು ತಿರುಗಿಸಿ ಕುಡಿಯುವ ನೀರು ಬಿಡುವ ಕೆಲಸಗಾರನನ್ನು ಜನರು ಅದೇ ಹೆಸರಿನಿಂದ ಕರೆಯುತ್ತಾರೆ. ಕೆರೆಯ ತೂಬಿನಿಂದ ನಲ್ಲಿಯ ವಾಲ್ವಿನವರೆಗೆ ಈ ಒಂದು ಪದವು ನಡೆದು ಬಂದಿದೆ.

ಚುನಾಯಿತ ಪಂಚಾಯಿತಿಯ ಕಥೆ ಬೇರೆ. ಹಳೆಯ ಮೈಸೂರು ಸಂಸ್ಥಾನದಲ್ಲಿ 1926ರಲ್ಲಿಯೇ ಗ್ರಾಮ ಪಂಚಾಯಿತಿಗಳಿಗಾಗಿ ಒಂದು ಶಾಸನವಾಗಿದ್ದಿತು. ಸ್ವಾತಂತ್ರ್ಯಾನಂತರ ಬಲವಂತರಾಯ್ ಮೆಹ್ತಾ ಸಮಿತಿಯು 1957ರಲ್ಲಿ ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತಗಳ ಆಡಳಿತವನ್ನು ಸೂಚಿಸಿತು. ಏಕೀಕೃತ ರಾಜ್ಯಕ್ಕೆ 1959ರಲ್ಲಿ ಹೊಸ ಶಾಸನ ಬಂದಿತು. ಆದರೂ ಪಂಚಾಯಿತಿಯ ಕೈಯಲ್ಲಿ ಅಧಿಕಾರವೂ ಹಣವೂ ಅಲ್ಪವಾಗಿಯೇ ಉಳಿದವು. ದೀಪದ ಕಂಬವೊಂದನ್ನು ನೆಡಬೇಕಾದರೂ ಮೇಲಿನವರ ಕಡೆಗೆ ನೋಡಬೇಕಾಗಿದ್ದಿತು.

ಈ ಸ್ಥಿತಿಯನ್ನು ಬದಲಿಸಲು ಹೆಣಗಿದವರಲ್ಲಿ ಮುಖ್ಯರಾದವರು ಕವಲಂದೆಗೆ ದೂರದವರೇನೂ ಅಲ್ಲ. ಅಂದು ಇದೇ ಮೈಸೂರು ಜಿಲ್ಲೆಗೆ ಸೇರಿದ್ದು, 1997ರಲ್ಲಿ ಹೊಸ ಚಾಮರಾಜನಗರ ಜಿಲ್ಲೆಗೆ ಸೇರಿದ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರೇ ಆ ವ್ಯಕ್ತಿ. ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿ ಅವರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದರು. ಆಗ ನಾಡಿನಲ್ಲಿ ಬರ. ಕೆರೆ ಬಾವಿಗಳು ಬತ್ತಿದ್ದವು. ನಜೀರ್ ಸಾಬರು ಹಳ್ಳಿಹಳ್ಳಿಗಳಲ್ಲಿ ಕೊಳವೆ ಬಾವಿಗಳನ್ನು ಕೊರೆಸಿ ಕೈಪಂಪುಗಳನ್ನು ಹಾಕಿಸಿದರು. ಜನರು ಆ ಪಂಪುಗಳನ್ನು ‘ಬೋರಿಂಗು’ ಎಂದರು. ಅವುಗಳನ್ನು ಹಾಕಿಸಿದವರನ್ನು ‘ನೀರ್ ಸಾಬ್’ ಎಂದು ಪ್ರೀತಿಯಿಂದ ಕರೆದರು. ಬಿರುದುಗಳನ್ನು ಸಭೆ ಕೂಡಿಸಿ ಕೊಡುವುದುಂಟು. ಬಾಯಾರಿದವರು ತಾವಾಗಿ ಕೊಟ್ಟ ಬಿರುದು ಇದು.

ಆದರೆ ಕೊಳವೆ ಬಾವಿ ಕೊರೆಯುವುದು ಒಂದು ದಿನದ ಕೆಲಸ. ಅದನ್ನು ವರ್ಷಗಟ್ಟಲೆ ನಡೆಸಿಕೊಂಡು ಹೋಗುವುದು ಬೇರೆಯ ಕೆಲಸ. ಹಳ್ಳಿಯ ಕೈಪಂಪಿನ ವಾಷರು ಸವೆದರೆ ಜಿಲ್ಲಾ ಕೇಂದ್ರದಿಂದ ಯಾರಾದರೂ ಬರಲೆಂದು ಕಾಯುತ್ತ ಕುಳಿತರೆ ಊರು ಬಾಯಾರಿಯೇ ಇರಬೇಕಾಗುತ್ತದೆ. ಊರಿನ ಕೆಲಸದ ಹಣವೂ ಅಧಿಕಾರವೂ ಊರಿನ ಸಮೀಪವೇ ಇರಬೇಕೆಂಬುದು ಆಗಿನ ಹೊಸ ಶಾಸನದ ತಿರುಳು. 1983ರಲ್ಲಿ ರೂಪುಗೊಂಡ ಈ ಶಾಸನವು ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳನ್ನು ಹುಟ್ಟುಹಾಕಿತು. 1987ರ ಜನವರಿಯಲ್ಲಿ ಚುನಾವಣೆಗಳು ನಡೆದು, ರಾಜ್ಯದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಮಂಡಲ ಪಂಚಾಯಿತಿಗಳ ಸದಸ್ಯರಾದರು. ಸ್ಥಾನಗಳಲ್ಲಿ ನೂರಕ್ಕೆ 25 ಭಾಗವನ್ನು ಸ್ತ್ರೀಯರಿಗೆ ಮೀಸಲಿಡಲಾಗಿದ್ದಿತು. ಇಡೀ ದೇಶವೇ ಆಗ ಕರ್ನಾಟಕದ ಕಡೆಗೆ ನೋಡಿತು. ನಜೀರ್ ಸಾಬರು 1988ರಲ್ಲಿ ತೀರಿಕೊಂಡರು. ಪಂಚಾಯಿತಿಯವರಿಗೆ ತರಬೇತಿ ನೀಡುವ ಮೈಸೂರಿನ ಸಂಸ್ಥೆಯು ಇಂದು ಅವರ ಹೆಸರನ್ನು ಹೊತ್ತಿದೆ.

ಮುಂದೆ ನಡೆದುದು ಸಂತೋಷದ ಮಾತಲ್ಲ. ಐದು ವರ್ಷದ ಅವಧಿ 1992ರಲ್ಲಿ ಮುಗಿದಾಗ ಹೊಸ ಚುನಾವಣೆಗಳು ನಡೆಯಲಿಲ್ಲ. ಜನರು ಆರಿಸಿದವರ ಸ್ಥಾನಕ್ಕೆ ಆಡಳಿತಾಧಿಕಾರಿಗಳು ಬಂದರು. ಊರಿನ ಸರ್ಕಾರವನ್ನು ರಾಜ್ಯದ ಸರ್ಕಾರವು ಹೀಗೆ ಸುಲಭವಾಗಿ ಮಲಗಿಸಬಹುದಾಗಿದ್ದಿತು. ಏಕೆಂದರೆ ಪಂಚಾಯಿತಿಗೆ ಸಂವಿಧಾನದ ಆಸರೆಯಿರಲಿಲ್ಲ. ಬೇರೆ ರಾಜ್ಯಗಳಲ್ಲಿ ಇನ್ನೂ ದೀರ್ಘಕಾಲ ಚುನಾವಣೆಗಳಿಲ್ಲದೆ ಹೋದದ್ದುಂಟು. ಆ ಆಸರೆಯನ್ನು ಕೊಟ್ಟದ್ದು ಸಂವಿಧಾನದ 73ನೆಯ ತಿದ್ದುಪಡಿ. ಇದು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಇದರಂತೆ ಪಂಚಾಯಿತಿಯ ಅವಧಿ ಐದು ವರ್ಷ. ಆ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯತಕ್ಕದ್ದು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ನಡೆಯತಕ್ಕದ್ದು. ಚುನಾವಣೆ ನಡೆಸಲು ಪ್ರತ್ಯೇಕವಾದ ರಾಜ್ಯ ಚುನಾವಣಾ ಆಯೋಗವೂ, ಹಣ ಹಂಚಿಕೆಯನ್ನು ಸೂಚಿಸಲು ರಾಜ್ಯ ಹಣಕಾಸು ಆಯೋಗವೂ ಇರಬೇಕು. ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಚುನಾವಣೆಗಳು ತಡವಾಗುವುದು ಪೂರ್ತಿಯಾಗಿ ನಿಂತಿಲ್ಲ. ಆದರೆ ತಡವಾದಾಗ ನ್ಯಾಯಾಲಯದ ಬಾಗಿಲು ತಟ್ಟಲು ಈಗ ಆಧಾರವಿದೆ.

ಈ ತಿದ್ದುಪಡಿಯನ್ನನುಸರಿಸಿ ಕರ್ನಾಟಕವು 1993ರಲ್ಲಿಯೇ ತನ್ನ ಪಂಚಾಯತ್ ರಾಜ್ ಶಾಸನವನ್ನು ಮಾಡಿತು. ಸುಮಾರು 400 ಜನಸಂಖ್ಯೆಗೆ ಒಬ್ಬರಂತೆ ಗ್ರಾಮ ಪಂಚಾಯಿತಿಗೆ ಸದಸ್ಯರನ್ನು ಆರಿಸುತ್ತಾರೆ. 18 ವರ್ಷ ತುಂಬಿದವರು ಮತ ಹಾಕಬಹುದು. 21 ತುಂಬಿದವರು ಸ್ಪರ್ಧಿಸಬಹುದು. ಈ ಚುನಾವಣೆಯಲ್ಲಿ ರಾಜಕೀಯ ಪಕ್ಷಗಳ ಚಿಹ್ನೆಗಳಿಗೆ ಸ್ಥಳವಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗಗಳಿಗೆ ಮೀಸಲು ಸ್ಥಾನಗಳಿವೆ. ಸ್ತ್ರೀಯರ ಮೀಸಲಾತಿ ಮೊದಲು ಮೂರನೆಯ ಒಂದು ಭಾಗವಾಗಿದ್ದಿತು; 2010ರ ತಿದ್ದುಪಡಿಯಿಂದ ಅರ್ಧಕ್ಕೇರಿತು. ಕಾಗದದ ಮೇಲೆ ಹೆಂಡತಿಯ ಹೆಸರು, ಕುರ್ಚಿಯಲ್ಲಿ ಗಂಡ ಎಂಬ ದೃಶ್ಯವನ್ನು ಕೆಲವೆಡೆ ಈಗಲೂ ಕಾಣುತ್ತೇವೆ. ಅದೇ ಕಾಲಕ್ಕೆ, ಮೊದಲ ಸಭೆಯಲ್ಲಿ ತಲೆಯೆತ್ತದೆ ಕುಳಿತವರು ಎರಡನೆಯ ವರ್ಷಕ್ಕೆ ಲೆಕ್ಕದ ಪುಸ್ತಕ ತೆರೆಯಿರಿ ಎಂದು ಕೇಳುವುದೂ ಅಪರೂಪವಲ್ಲ. ನೀರಿನ ವಿಷಯ ಬಂದಾಗಲಂತೂ, ಕೊಡ ಹೊತ್ತವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು.

ಸದಸ್ಯರು ತಮ್ಮೊಳಗಿನಿಂದ ಅಧ್ಯಕ್ಷರನ್ನೂ ಉಪಾಧ್ಯಕ್ಷರನ್ನೂ ಆರಿಸಿಕೊಳ್ಳುತ್ತಾರೆ. ಆಡಳಿತಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಇರುತ್ತಾರೆ. ಜನರು ಅವರನ್ನು ‘ಪಿಡಿಒ’ ಎಂದೇ ಕರೆಯುತ್ತಾರೆ. ಹಣ ಬರುವ ದಾರಿಗಳು ಹಲವು. ಮನೆಗಂದಾಯ, ನೀರಿನ ಕರ, ಅಂಗಡಿಗಳ ಪರವಾನಗಿ ಶುಲ್ಕ, ಸಂತೆಯಿದ್ದಲ್ಲಿ ಸಂತೆಯ ಸುಂಕ ಇವು ಸ್ವಂತ ಆದಾಯ. ಮನೆಗಂದಾಯದ ಜೊತೆಗೆ ಗ್ರಂಥಾಲಯದ ಉಪಕರವೂ ಸೇರಿರುತ್ತದೆಂಬುದು ಹಲವರಿಗೆ ತಿಳಿಯದು. ಊರಿನ ಗ್ರಂಥಾಲಯದಲ್ಲಿ ಪುಸ್ತಕ ತೆರೆದು ಕುಳಿತ ವಿದ್ಯಾರ್ಥಿಯು ತನ್ನ ಮನೆಯವರು ತೆತ್ತ ಹಣದ ಒಂದಂಶವನ್ನೇ ಓದುತ್ತಿರುವನು. ಉಳಿದ ಬಹುಪಾಲು ಹಣ ರಾಜ್ಯ, ಕೇಂದ್ರಗಳ ಅನುದಾನ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಪಂಚಾಯಿತಿಗಳ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತು. ಹೊರಗಿನಿಂದ ಬಂದ ಹಣಕ್ಕೆ ಹೊರಗಿನವರ ಕಟ್ಟಳೆಯೂ ಇರುತ್ತದೆ. ಇತ್ತ ಬೀದಿದೀಪ, ನೀರಿನ ಮೋಟಾರುಗಳ ವಿದ್ಯುತ್ ಬಾಕಿ ಬೆಳೆಯುತ್ತ ಹೋಗುವುದು ಅನೇಕ ಪಂಚಾಯಿತಿಗಳ ತಲೆನೋವು. ಕಂದಾಯ ಕಟ್ಟದವರೇ ನೀರು ಬರಲಿಲ್ಲವೆಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗುವುದೂ ಉಂಟು.

ಈಗ ಆ ಒಣಗಿದ ನಲ್ಲಿಗೆ ಮರಳಿ ಬರೋಣ. ಆ ಬೀದಿಯವರು ಮೊದಲು ನೀರುಗಂಟಿಯನ್ನು ಕೇಳುವರು, ಬಳಿಕ ತಮ್ಮ ವಾರ್ಡಿನ ಸದಸ್ಯರನ್ನು ಕೇಳುವರು. ಮೋಟಾರು ಸುಟ್ಟಿದ್ದರೆ ದುರಸ್ತಿಯಾಗಬಹುದು. ಆದರೆ ಪ್ರತಿ ಬೇಸಿಗೆಯಲ್ಲಿಯೂ ಇದೇ ಬೀದಿಗೆ ಇದೇ ಗತಿಯಾದರೆ, ಅದನ್ನು ಎತ್ತಬೇಕಾದ ಸ್ಥಳ ಗ್ರಾಮಸಭೆ. ಗ್ರಾಮ ಪಂಚಾಯಿತಿ ಬೇರೆ, ಗ್ರಾಮಸಭೆ ಬೇರೆ. ಪಂಚಾಯಿತಿಗೆ ಚುನಾಯಿತರಾದವರು ಮಾತ್ರ ಸದಸ್ಯರು. ಗ್ರಾಮಸಭೆಗೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಸದಸ್ಯರು. ಯಾರೂ ಅವರನ್ನು ಆರಿಸಬೇಕಾಗಿಲ್ಲ, ಯಾರೂ ತೆಗೆದುಹಾಕಲಾರರು. ಆರು ತಿಂಗಳಿಗೊಮ್ಮೆಯಾದರೂ ಈ ಸಭೆ ಸೇರತಕ್ಕದ್ದು. ಸದಸ್ಯರ ಹತ್ತನೆಯ ಒಂದು ಭಾಗ ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಸಭೆಗೆ ಕೋರಂ ಆಗುತ್ತದೆ. ಮನೆಯಿಲ್ಲದವರಲ್ಲಿ ಮೊದಲು ಯಾರಿಗೆ ಮನೆ, ಯಾವ ಬೀದಿಗೆ ಚರಂಡಿ, ಯಾವ ಕಾಮಗಾರಿ ಮೊದಲು ಎಂಬುದು ಇಲ್ಲಿ ಚರ್ಚೆಯಾಗಬೇಕು.

ಇಷ್ಟು ದೊಡ್ಡ ಅಧಿಕಾರವಿರುವ ಸಭೆಗೆ ಜನರು ಬರುವುದು ಮಾತ್ರ ಕಡಿಮೆ. ಕೂಲಿಯವರಿಗೆ ಅಂದಿನ ಕೂಲಿ ಹೋಗುತ್ತದೆ. ಕೆಲವರಿಗೆ ಎದ್ದು ನಿಂತು ಮಾತನಾಡಲು ಅಂಜಿಕೆ. ಇನ್ನು ಕೆಲವರಿಗೆ, ಮಾತನಾಡಿ ಏನಾಗಬೇಕು ಎಂಬ ಬೇಸರ. ಜನ ಸೇರದಿದ್ದರೂ ಪುಸ್ತಕದಲ್ಲಿ ಸಭೆ ನಡೆದಂತೆ ಬರೆದು, ಆಮೇಲೆ ಮನೆಮನೆಗೆ ಹೋಗಿ ಸಹಿ ಮಾಡಿಸಿಕೊಳ್ಳುತ್ತಾರೆಂಬ ದೂರುಗಳು ಹಲವು ಕಡೆಗಳಿಂದ ಕೇಳಿಬರುತ್ತವೆ. ಹಾಗೆ ಕೊಟ್ಟ ಒಂದು ಸಹಿಯಿಂದ ಒಂದು ಬೀದಿಯ ನೀರು ಇನ್ನೊಂದು ಬೀದಿಗೆ ಹೋಗಬಹುದು. ನೂರು ಜನ ನಿಜವಾಗಿ ಕುಳಿತಿರುವ ಸಭೆಯಲ್ಲಾದರೋ ಹಾಗೆ ಮಾಡುವುದು ಸುಲಭವಲ್ಲ. ಅಲ್ಲಿ ಹೆಂಗಸೊಬ್ಬಳು ಎದ್ದು, ಕಳೆದ ಸಭೆಯ ನಡಾವಳಿಯಲ್ಲಿ ನಮ್ಮ ಬೀದಿಯ ಕೊಳವೆ ಬಾವಿಯ ಮಾತು ಬರೆದಿದೆಯೇ, ಓದಿರಿ ಎಂದರೆ ಓದಲೇಬೇಕಾಗುತ್ತದೆ. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಪಂಚಾಯಿತಿಯ ಲೆಕ್ಕಪತ್ರಗಳನ್ನೂ ಕಾಮಗಾರಿಗಳನ್ನೂ ಜನರೆದುರು ತಾಳೆ ನೋಡುವ ಪದ್ಧತಿಯಿದೆ. ಜಮಾಬಂದಿಯೆಂದರೆ ಹಿಂದೆ ಸರ್ಕಾರವು ರೈತನ ಕಂದಾಯದ ಲೆಕ್ಕ ಕೇಳುವ ದಿನವಾಗಿದ್ದಿತು. ಈಗ ಅದೇ ಹೆಸರಿನಲ್ಲಿ ರೈತನು ಸರ್ಕಾರದ ಲೆಕ್ಕ ಕೇಳುತ್ತಾನೆ.

ಒಂಬತ್ತನೆಯ ತರಗತಿಯವರಿಗೆ ಇದರಲ್ಲಿ ಏನು ಪಾತ್ರ, ನಮಗೆ ಇನ್ನೂ ಮತವಿಲ್ಲವಲ್ಲ ಎಂದು ನೀವು ಕೇಳಬಹುದು. ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ಎಂಬುದೊಂದುಂಟು. ವರ್ಷಕ್ಕೊಮ್ಮೆ ಪಂಚಾಯಿತಿಯ ವ್ಯಾಪ್ತಿಯ ಮಕ್ಕಳನ್ನು ಕರೆದು, ಅಧ್ಯಕ್ಷರೂ ಪಿಡಿಒ ಅವರೂ ವಿವಿಧ ಇಲಾಖೆಗಳವರೂ ಎದುರಿಗೆ ಕುಳಿತು ಅವರ ಮಾತನ್ನು ಕೇಳಬೇಕು. ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ಸಂಜೆಯ ಬಸ್ಸು ನಿಲ್ಲಿಸದೆ ಹೋಗುತ್ತದೆ, ಆಟದ ಬಯಲಿನ ಬೇಲಿ ಮುರಿದಿದೆ, ಶಾಲೆಯ ಹಾದಿಯಲ್ಲಿ ದೀಪವಿಲ್ಲ ಎಂಬಂತಹ ಮಾತುಗಳು ಇಂತಹ ಸಭೆಗಳಲ್ಲಿ ಬರುತ್ತವೆ. ದೊಡ್ಡವರು ಸಂಕೋಚದಿಂದ ನುಂಗಿಕೊಂಡ ಪ್ರಶ್ನೆಗಳನ್ನು ಮಕ್ಕಳು ಯಾವ ಅಳುಕೂ ಇಲ್ಲದೆ ಕೇಳಿಬಿಡುವುದರಿಂದ, ಅಧಿಕಾರಿಗಳಿಗೆ ಈ ಸಭೆ ಒಮ್ಮೊಮ್ಮೆ ಗ್ರಾಮಸಭೆಗಿಂತ ಕಷ್ಟದ್ದಾಗಿ ತೋರಬಹುದು. ಸಭೆಯಲ್ಲಿ ಆಡಿದ ಮಾತು ಗಾಳಿಗೆ ಹೋಗಬಾರದೆಂದರೆ ಅದು ನಡಾವಳಿ ಪುಸ್ತಕದಲ್ಲಿ ಸೇರಬೇಕು. ಆದುದರಿಂದ ಪ್ರಶ್ನೆಯನ್ನು ಬಾಯಲ್ಲಿ ಕೇಳುವುದರೊಡನೆ ಒಂದು ಹಾಳೆಯಲ್ಲಿ ಬರೆದು, ಹೆಸರು, ತರಗತಿ, ದಿನಾಂಕಗಳನ್ನು ಹಾಕಿ ಕೊಡುವುದು ಒಳ್ಳೆಯದು. ಅದರ ಒಂದು ಪ್ರತಿಯನ್ನು ಶಾಲೆಯಲ್ಲಿ ಇಟ್ಟುಕೊಂಡರೆ, ಮರುವರ್ಷದ ಸಭೆಯಲ್ಲಿ ಮೊದಲು ತೆರೆಯಬೇಕಾದ ಕಾಗದ ಅದೇ ಆಗುತ್ತದೆ.