ಸಿಂಧೂರ ಲಕ್ಷ್ಮಣ: ಲಾವಣಿಯಿಂದ ಬೆಳ್ಳಿತೆರೆಗೆ

ಮಹಾಲಿಂಗಪುರದ ಸುತ್ತಲಿನ ಹಳ್ಳಿಗಳಲ್ಲಿ ಊರ ಹುಡುಗರು ಜಾತ್ರೆಗೆ ನಾಟಕ ಆಡಬೇಕೆಂದು ಕೂತರೆ, ಮೊದಲು ನೆನಪಾಗುವ ಹೆಸರುಗಳಲ್ಲಿ ಸಿಂಧೂರ ಲಕ್ಷ್ಮಣನದೂ ಒಂದು. ಪೇಟಿ ಮಾಸ್ತರ ಬರುತ್ತಾರೆ, ರಾತ್ರಿ ತಾಲೀಮು ಸುರುವಾಗುತ್ತದೆ, ಸೀನರಿ ಬಾಡಿಗೆಗೆ ತರುತ್ತಾರೆ, ಸ್ತ್ರೀ ಪಾತ್ರಕ್ಕೆ ಕಲಾವಿದೆಯರನ್ನು ಹೊರಗಿನಿಂದ ಕರೆಸುತ್ತಾರೆ. ಲಕ್ಷ್ಮಣನ ಪಾರ್ಟು ಯಾರಿಗೆ ಎಂಬುದು ಮಾತ್ರ ಸುಲಭಕ್ಕೆ ಬಗೆಹರಿಯುವುದಿಲ್ಲ. ಆ ಬಂದೂಕು, ಆ ಮೀಸೆ ಎಲ್ಲರಿಗೂ ಬೇಕು.

ಲಕ್ಷ್ಮಣನ ಊರು ಸಿಂಧೂರ. ಇಂದು ಅದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿದೆ. ಅಲ್ಲಿನ ಮನೆಮಾತು ಕನ್ನಡ. ಬ್ರಿಟಿಷರ ಕಾಲದ ನಕಾಶೆಯನ್ನು ಕಣ್ಣಮುಂದೆ ತಂದುಕೊಂಡರೆ ಅವನ ಕಥೆ ಚೆನ್ನಾಗಿ ತಿಳಿಯುತ್ತದೆ. ಜತ್ತ ಡಫಳೆಯವರ ಸಂಸ್ಥಾನ. ಜಮಖಂಡಿ ಪಟವರ್ಧನರದು. ಮುಧೋಳ ಘೋರ್ಪಡೆಯವರದು, ನರಗಟ್ಟಿ ಎಂಬ ಹಳೆಯ ಹೆಸರಿನ ಮಹಾಲಿಂಗಪುರವೂ ಅದರೊಳಗೇ ಇತ್ತು. ಬೀಳಗಿಗೆ ಬಂದರೆ ನೇರ ಬ್ರಿಟಿಷರ ವಿಜಾಪುರ ಜಿಲ್ಲೆ. ಒಂದೆರಡು ದಿನದ ನಡಿಗೆಯಲ್ಲಿ ನಾಲ್ಕು ದೊರೆತನ. ಒಂದು ಸಂಸ್ಥಾನದ ಪೊಲೀಸರು ಬೆನ್ನು ಹತ್ತಿದರೆ ಇನ್ನೊಂದರ ಗುಡ್ಡ ಸೇರಬಹುದಾದ ನೆಲ ಇದು. ಲಕ್ಷ್ಮಣ ಅಷ್ಟು ದಿನ ಕೈಗೆ ಸಿಗದೇ ಉಳಿದದ್ದಕ್ಕೆ ಅವನ ಎದೆಗಾರಿಕೆಯಷ್ಟೇ ಈ ಗಡಿಗಳೂ ಕಾರಣ ಎಂದು ನನಗನಿಸುತ್ತದೆ. ಸೋದರಳಿಯಂದಿರನ್ನು ಕಟ್ಟಿಕೊಂಡು ಅವನು ಸಾಹುಕಾರರ ಮನೆಗೆ ನುಗ್ಗಿದ, ಸರ್ಕಾರಕ್ಕೆ ಸೆಡ್ಡು ಹೊಡೆದ, ದೋಚಿದ್ದನ್ನು ಬಡವರಿಗೆ ಹಂಚಿದ ಎನ್ನುತ್ತದೆ ಜನರ ನೆನಪು. 1922ರ ಜುಲೈನಲ್ಲಿ ಬೀಳಗಿ ಸೀಮೆಯ ತೆಗ್ಗಿ ಹತ್ತಿರದ ಗುಡ್ಡದಲ್ಲಿ ಪೊಲೀಸರ ಗುಂಡಿಗೆ ಬಲಿಯಾದ.

ಸತ್ತವನನ್ನು ಮೊದಲು ಎತ್ತಿಕೊಂಡವರು ಲಾವಣಿಕಾರರು, ಗೀಗೀ ಮೇಳದವರು. ಕೈಯಲ್ಲಿ ಡಪ್ಪು, ಪಕ್ಕದವನ ತುಂತುಣಿ, ಹಿಂದೆ ತಾಳ. ಹರದೇಶಿ, ನಾಗೇಶಿ ಎಂದು ಎರಡು ಮೇಳಗಳು ಎದುರುಬದುರು ನಿಂತು ಬೆಳಗಿನವರೆಗೆ ವಾದ ಹಾಡುವ ಪದ್ಧತಿ ಈ ಭಾಗದ್ದು. ವೀರರ ಕಥೆ ಹಾಡುವ ರೂಢಿಯೂ ಇಲ್ಲಿ ಮೊದಲೇ ಬೇರೂರಿತ್ತು. 1857ರಲ್ಲಿ ಆಯುಧ ಒಪ್ಪಿಸುವ ಹುಕುಂ ಬಂದಾಗ ತಿರುಗಿಬಿದ್ದ ಮುಧೋಳ ಸಂಸ್ಥಾನದ ಹಲಗಲಿಯ ಬೇಡರನ್ನು, ಜಡಗ, ಬಾಲ, ಹನುಮ, ರಾಮರನ್ನು, ಕುರ್ತಕೋಟಿ ಕಲ್ಮೇಶನ ಅಂಕಿತದ ಲಾವಣಿ ಊರೂರಿಗೆ ಮುಟ್ಟಿಸಿತ್ತು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಇಂಥ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ತಾನು ಸೇರಿದ ಸರ್ಕಾರದ ವಿರುದ್ಧ ಎದ್ದವರ ಹಾಡನ್ನು ಅವನೇ ಉಳಿಸಿಕೊಟ್ಟ. ಲಕ್ಷ್ಮಣನ ಹಾಡುಗಳಿಗೆ ಅಂಥ ಭಾಗ್ಯ ಸಿಗಲಿಲ್ಲ. ಅವು ಬಹುಮಟ್ಟಿಗೆ ಬಾಯಲ್ಲೇ ಉಳಿದವು.

ಲಕ್ಷ್ಮಣನ ಎರಡನೆಯ ಜನ್ಮ ರಂಗದ ಮೇಲಾಯಿತು. ವೃತ್ತಿ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಕ್ಯಾಂಪು ಹಾಕುವ ಸೀಮೆಯಲ್ಲಿ, ಇದೇ ಮಣ್ಣಿನಲ್ಲಿ ಓಡಾಡಿದ ನಾಯಕ ಸಿಕ್ಕರೆ ಬಿಟ್ಟಾರೆಯೇ? ಸಿನಿಮಾದಲ್ಲಿ ಖಳನಾಗಿ ಹೆಸರಾದ ಸುಧೀರ್ ರಂಗದ ಮೇಲೆ ಲಕ್ಷ್ಮಣನಾಗಿ ಜನರ ಪ್ರೀತಿ ಗಳಿಸಿದರು. ನಾಟಕ ಬಂದಮೇಲೆ ಲಕ್ಷ್ಮಣನ ಮಾತು ಬದಲಾಯಿತು. ಹಸಿವಿನ ಸಿಟ್ಟಿಗೆ ದೇಶದ ಸಿಟ್ಟು ಕೂಡಿತು. ದರೋಡೆಗಾರ ಎಂದು ಸರ್ಕಾರ ಕರೆದವನು ಸ್ವಾತಂತ್ರ್ಯ ವೀರನಾದ. ಅಮೆರಿಕದ ಕಾಮಿಕ್ಸ್ ನಾಯಕ ಸೂಪರ್‌ಮ್ಯಾನ್‌ಗೂ ಹೀಗೇ ಆಯಿತು. 1938ರ ಮೊದಲ ಕಥೆಗಳಲ್ಲಿ ಅವನು ಹೆಂಡತಿಯನ್ನು ಹೊಡೆಯುವ ಗಂಡನಿಗೆ, ಲಂಚಕೋರ ರಾಜಕಾರಣಿಗೆ, ಕೂಲಿಗಳ ಜೀವಕ್ಕೆ ಬೆಲೆ ಕೊಡದ ಗಣಿ ಮಾಲೀಕನಿಗೆ ಬುದ್ಧಿ ಕಲಿಸುತ್ತಿದ್ದ. ಯುದ್ಧ ಬಂದಮೇಲೆ ಬಾವುಟ ಹಿಡಿದ ದೇಶಭಕ್ತನಾದ.

ಹುಣಸೂರು ಕೃಷ್ಣಮೂರ್ತಿ 1977ರಲ್ಲಿ ‘ವೀರ ಸಿಂಧೂರ ಲಕ್ಷ್ಮಣ’ ಚಿತ್ರ ತೆಗೆದರು. ‘ಬಭ್ರುವಾಹನ’ ಬಂದದ್ದೂ ಅದೇ ವರ್ಷ, ಅವರದೇ ನಿರ್ದೇಶನದಲ್ಲಿ. ಸುಧೀರ್ ಅವರ ಮಗ ತರುಣ್ ಸುಧೀರ್ ಮತ್ತೆ ಈ ಕಥೆಯನ್ನು ತೆರೆಗೆ ತರುವರೆಂಬ ಸುದ್ದಿಯೂ ಕೆಲ ವರ್ಷಗಳ ಹಿಂದೆ ಬಂದಿತ್ತು.

ಈ ಬೆಳವಣಿಗೆಯಲ್ಲಿ ಒಂದು ನೋವೂ ಇದೆ. ಲಕ್ಷ್ಮಣನನ್ನು ಮೋಸದಿಂದ ಕೊಂದರು ಎಂಬುದು ಜನರ ಬಲವಾದ ನಂಬಿಕೆ. ಮೋಸ ಮಾಡಿದವರು ಯಾರು ಎಂಬುದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಹೇಳಿಕೆ. ರಂಗಕ್ಕೆ ಒಬ್ಬ ಖಳ ಬೇಕು, ನಿಜ. ಆದರೆ ಖಳನೆಂದು ಹೆಸರಿಸಲಾದವನ ಮನೆಯವರು ತಲೆಮಾರುಗಟ್ಟಲೆ ಆ ಕಳಂಕ ಹೊರಬೇಕಾಗುತ್ತದೆ. ನಾಟಕವನ್ನೇ ದಾಖಲೆ ಎಂದು ನಂಬುವುದು ಅನ್ಯಾಯ. ಇನ್ನೊಂದು ಮಾತು: ಸಿನಿಮಾದ ಲಕ್ಷ್ಮಣ ಎಷ್ಟೇ ಎತ್ತರಕ್ಕೆ ಬೆಳೆಯಲಿ, ಬಡವನ ಗುಡಿಸಲಿಗೆ ಕಾಳು ಮುಟ್ಟಿಸಿದನೆಂದು ಹಾಡಿಸಿಕೊಂಡ ಲಕ್ಷ್ಮಣನೇ ನನಗೆ ದೊಡ್ಡವನು. ಅವನಿಗೆ ವೇದಿಕೆಯ ಭಾಷಣ ಬೇಕಿರಲಿಲ್ಲ.

ಅವನನ್ನು ಕಾಣಬೇಕಾದರೆ ಹಳೆಯ ಹಾಡು, ಹಳೆಯ ನಾಟಕದ ವಹಿ ಬೇಕು. ಇವನ್ನು ಕೂಡಿಡಬಲ್ಲ ಕರ್ನಾಟಕ ಬಯಲಾಟ ಅಕಾಡೆಮಿ ಬಾಗಲಕೋಟೆಯಲ್ಲೇ ಇದೆ. ಜಾನಪದ ವಿಶ್ವವಿದ್ಯಾಲಯ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿದೆ. ಮಹಾಲಿಂಗಪುರ, ತೇರದಾಳ, ಬೀಳಗಿ, ಜತ್ತ ಕಡೆಯ ಓದುಗರೇ, ನಿಮ್ಮ ಮನೆಯಲ್ಲಿ ಲಕ್ಷ್ಮಣನ ನಾಟಕದ ಕೈಬರಹದ ಪ್ರತಿ, ಹಳೆಯ ಹ್ಯಾಂಡ್‌ಬಿಲ್ಲು ಇದ್ದರೆ ರದ್ದಿಗೆ ಹಾಕಬೇಡಿ. ಲಾವಣಿ ಬಲ್ಲ ಹಿರಿಯರು ಇದ್ದರೆ ಈ ವರ್ಷವೇ ಅವರ ದನಿಯನ್ನು ಮೊಬೈಲಿನಲ್ಲಾದರೂ ಹಿಡಿದಿಡಿ.